ಬಡ್ ಫೌಲರ್: ಊರೂರು ಅಲೆಸಿದ ಆಟ

1880ರ ದಶಕದಲ್ಲಿ ಅಮೆರಿಕದ ಸಣ್ಣಪುಟ್ಟ ಊರುಗಳ ಬೇಸ್‌ಬಾಲ್ ಮೈದಾನಗಳಲ್ಲಿ ಒಬ್ಬ ಆಟಗಾರ ಮೊಣಕಾಲಿನಿಂದ ಕೆಳಗೆ ಮರದ ಪಟ್ಟಿಗಳನ್ನು ಕಟ್ಟಿಕೊಂಡು ಆಡುತ್ತಿದ್ದ. ಆಗ ಆ ಆಟದಲ್ಲಿ ಕಾಲಿಗೆ ರಕ್ಷಣೆ ಕಟ್ಟಿಕೊಳ್ಳುವ ರೂಢಿಯೇ ಇರಲಿಲ್ಲ. ಅವನು ಕಟ್ಟಿಕೊಂಡದ್ದು ಚೆಂಡಿನ ಪೆಟ್ಟಿಗೆ ಹೆದರಿಯೂ ಅಲ್ಲ. ಕೈಗವಸಿಲ್ಲದೆ ಬರಿಗೈಯಲ್ಲೇ ಚೆಂಡು ಹಿಡಿಯುತ್ತಿದ್ದವನು ಅವನು. ಆ ಪಟ್ಟಿಗಳಿದ್ದದ್ದು ಎದುರು ತಂಡದವರ ಬೂಟಿನ ಮೊಳೆಗಳಿಂದ ಕಾಲು ಉಳಿಸಿಕೊಳ್ಳಲಿಕ್ಕೆ.

ಅವನು ನಿಲ್ಲುತ್ತಿದ್ದ ಜಾಗ ಸೆಕೆಂಡ್ ಬೇಸ್. ಬೇಸ್‌ಬಾಲ್ ಪರಿಚಯ ಇಲ್ಲದವರಿಗೆ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಮೊದಲ ಬೇಸ್ ತಲುಪಿದ ಓಟಗಾರ ಎರಡನೆಯದಕ್ಕೆ ಓಡಿಬರುತ್ತಾನೆ. ಅಷ್ಟರಲ್ಲಿ ಚೆಂಡು ಅಲ್ಲಿಗೆ ಬಂದು ಬಿಟ್ಟರೆ ಔಟ್. ಹಾಗಾಗಿ ಅವನು ಕೊನೆಯ ಕೆಲವು ಅಡಿಗಳನ್ನು ನೆಲದ ಮೇಲೆ ಜಾರಿಕೊಂಡು ಬರುತ್ತಾನೆ. ಚೆಂಡು ಹಿಡಿಯಬೇಕಾದವನ ಕಣ್ಣು ಚೆಂಡಿನ ಮೇಲಿರುತ್ತದೆ, ಕಾಲು ಬೇಸ್ ಬಿಟ್ಟು ಕದಲುವಂತಿಲ್ಲ. ಓಟಗಾರನ ಬೂಟಿನ ಅಡಿಯಲ್ಲಿ ಲೋಹದ ಮೊಳೆಗಳು. ಕಾಲನ್ನು ಎತ್ತಿ ಹಿಡಿದು ಜಾರಿದರೆ ಎದುರಿದ್ದವನ ಮೊಣಕಾಲ ಕೆಳಗಿನ ಮಾಂಸ ಕಿತ್ತುಬರುತ್ತದೆ. ಬೇಕೆಂದೇ ಹಾಗೆ ಜಾರುತ್ತಿದ್ದವರು ಇದ್ದರು. ಏಕೆಂದರೆ ಆ ಬೇಸ್ ಕಾಯುತ್ತಿದ್ದವನು ಕಪ್ಪು ಮೈಬಣ್ಣದವನು. ಅವನ ಹೆಸರು ಬಡ್ ಫೌಲರ್. ಸಂಬಳ ಪಡೆದು ಬಿಳಿಯರ ಜೊತೆ ಬೇಸ್‌ಬಾಲ್ ಆಡಿದ ಕಪ್ಪು ಆಟಗಾರರಲ್ಲಿ ದಾಖಲೆಗಳಿಗೆ ಸಿಗುವ ಮೊದಲಿಗ.

ಜಾಕಿ ರಾಬಿನ್ಸನ್ ಹೆಸರು ನಮ್ಮಲ್ಲೂ ಅನೇಕರಿಗೆ ಗೊತ್ತು. 1947ರ ಏಪ್ರಿಲ್ 15ರಂದು ಬ್ರೂಕ್ಲಿನ್ ಡಾಡ್ಜರ್ಸ್ ಪರ ಮೈದಾನಕ್ಕಿಳಿದು ವರ್ಣದ ಗೋಡೆ ಒಡೆದವನು ಎಂದು ಶಾಲೆಯ ಪುಸ್ತಕಗಳೂ ಹೇಳುತ್ತವೆ. ಆದರೆ ಒಡೆಯಲು ಅಲ್ಲೊಂದು ಗೋಡೆ ಇರಬೇಕಾದರೆ ಅದನ್ನು ಯಾರೋ ಕಟ್ಟಿರಬೇಕಲ್ಲ? ಅದನ್ನು ಯಾವಾಗ, ಹೇಗೆ ಕಟ್ಟಿದರು ಎಂದು ಕೇಳಿದರೆ ಉತ್ತರ ಫೌಲರ್‌ನ ಬದುಕಿನಲ್ಲಿ ಸಿಗುತ್ತದೆ. ಅದು ಅವನ ಕಣ್ಣೆದುರಿಗೇ, ಅವನು ಆಡುತ್ತಿದ್ದಾಗಲೇ, ಒಂದೊಂದೇ ಕಲ್ಲಾಗಿ ಮೇಲೆದ್ದಿತು.

ಅವನ ನಿಜ ಹೆಸರು ಜಾನ್ ಡಬ್ಲ್ಯು. ಜಾಕ್ಸನ್. 1858ರ ಮಾರ್ಚ್ 16ರಂದು ನ್ಯೂಯಾರ್ಕ್ ರಾಜ್ಯದ ಫೋರ್ಟ್ ಪ್ಲೇನ್ ಎಂಬಲ್ಲಿ ಹುಟ್ಟಿದ. ಅಪ್ಪ ಕ್ಷೌರಿಕ. ಮಗ ಚಿಕ್ಕವನಿದ್ದಾಗಲೇ ಕುಟುಂಬ ಕೂಪರ್ಸ್‌ಟೌನ್ ಎಂಬ ಊರಿಗೆ ಬಂದಿತು. ಅಮೆರಿಕದ ಬೇಸ್‌ಬಾಲ್ ಹಾಲ್ ಆಫ್ ಫೇಮ್ ಇರುವುದು ಇದೇ ಊರಿನಲ್ಲಿ. 1839ರಲ್ಲಿ ಆಬ್ನರ್ ಡಬಲ್‌ಡೇ ಎಂಬ ಸೇನಾಧಿಕಾರಿ ಇಲ್ಲಿ ಬೇಸ್‌ಬಾಲ್ ಕಂಡುಹಿಡಿದ ಎಂದು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಒಂದು ಸಮಿತಿ ತೀರ್ಮಾನಿಸಿಬಿಟ್ಟಿತು. ಅದು ಕಟ್ಟುಕತೆ, ಆ ವರ್ಷ ಡಬಲ್‌ಡೇ ವೆಸ್ಟ್ ಪಾಯಿಂಟ್ ಸೇನಾ ಶಾಲೆಯಲ್ಲಿ ವಿದ್ಯಾರ್ಥಿಯಾಗಿದ್ದ. ಹಾಗೆ ನೋಡಿದರೆ ಆ ಊರಿನಲ್ಲಿ ಬೆಳೆದು, ಅಲ್ಲಿ ಆಡಿ, ನಿಜಕ್ಕೂ ಬೇಸ್‌ಬಾಲ್ ಚರಿತ್ರೆಗೆ ಸೇರಿದವನು ಕ್ಷೌರಿಕನ ಈ ಮಗ. ಅಪ್ಪನ ಕಸುಬನ್ನೂ ಅವನು ಕಲಿತಿದ್ದ. ಆಟ ಕೈಕೊಟ್ಟಾಗಲೆಲ್ಲ ಕತ್ತರಿ ಬಾಚಣಿಗೆ ಅವನ ಹೊಟ್ಟೆ ಹೊರೆದವು. ಎದುರಿಗೆ ಸಿಕ್ಕವರನ್ನೆಲ್ಲ ಅವನು ‘ಬಡ್’ ಎಂದು ಕರೆಯುತ್ತಿದ್ದನಂತೆ. ಕೊನೆಗೆ ಅದೇ ಅವನ ಹೆಸರಾಯಿತು.

1878ರ ಏಪ್ರಿಲ್ 24. ಮಸಾಚುಸೆಟ್ಸ್‌ನ ಚೆಲ್ಸಿ ಎಂಬ ಊರಿನ ತಂಡಕ್ಕೂ ಬಾಸ್ಟನ್ ತಂಡಕ್ಕೂ ಒಂದು ಪ್ರದರ್ಶನ ಪಂದ್ಯ. ಬಾಸ್ಟನ್ ಹಿಂದಿನ ವರ್ಷದ ನ್ಯಾಷನಲ್ ಲೀಗ್ ಚಾಂಪಿಯನ್. ಅದರ ಪಿಚರ್, ಅಂದರೆ ಚೆಂಡು ಎಸೆಯುವವನಾದ ಟಾಮಿ ಬಾಂಡ್ ಆ ವರ್ಷ 40 ಪಂದ್ಯ ಗೆದ್ದುಕೊಟ್ಟವನು. ಚೆಲ್ಸಿ ಪರ ಚೆಂಡು ಎಸೆಯಲು ನಿಂತವನು ಇಪ್ಪತ್ತು ವರ್ಷದ ಫೌಲರ್. ಪಂದ್ಯ ಮುಗಿದಾಗ ಚೆಲ್ಸಿ 2, ಬಾಸ್ಟನ್ 1. ಮುಂದಿನ ತಿಂಗಳೇ ಚಪ್ಪಲಿ, ಬೂಟು ತಯಾರಿಕೆಗೆ ಹೆಸರಾದ ಲಿನ್ ಊರಿನ ‘ಲೈವ್ ಓಕ್ಸ್’ ತಂಡ ಅವನನ್ನು ಸಂಬಳಕ್ಕೆ ಕರೆದುಕೊಂಡಿತು. ಬಿಳಿಯರ ವೃತ್ತಿಪರ ತಂಡವೊಂದರಲ್ಲಿ ಕಪ್ಪು ಆಟಗಾರ ಕಾಣಿಸಿಕೊಂಡದ್ದು ಹೀಗೆ.

ಆಗ ನಿಷೇಧ ಇರಲಿಲ್ಲವೇ? ಇತ್ತು ಎನ್ನಬೇಕು, ಇರಲಿಲ್ಲ ಎಂದೂ ಎನ್ನಬೇಕು. ಅಂತರ್ಯುದ್ಧ ಮುಗಿದ ಎರಡೇ ವರ್ಷಕ್ಕೆ, 1867ರಲ್ಲಿ, ಫಿಲಡೆಲ್ಫಿಯಾದ ಪಿಥಿಯನ್ ಎಂಬ ಕಪ್ಪು ಜನರ ಕ್ಲಬ್ ಬೇಸ್‌ಬಾಲ್ ಸಂಘಟನೆಯ ಸದಸ್ಯತ್ವ ಕೇಳಿತ್ತು. ಅದೇ ಡಿಸೆಂಬರ್‌ನಲ್ಲಿ ರಾಷ್ಟ್ರೀಯ ಹವ್ಯಾಸಿ ಸಂಘಟನೆ ಕಪ್ಪು ಸದಸ್ಯರಿರುವ ಯಾವ ಕ್ಲಬ್ಬನ್ನೂ ಸೇರಿಸಿಕೊಳ್ಳುವುದಿಲ್ಲ ಎಂದು ಬರೆದಿಟ್ಟಿತು. ಕೆಲ ವರ್ಷಗಳಲ್ಲಿ ಆ ಸಂಘಟನೆಯೇ ಮುಳುಗಿತು. ಆಮೇಲೆ ಹುಟ್ಟಿದ ವೃತ್ತಿಪರ ಲೀಗ್‌ಗಳು ಅಂಥ ನಿಯಮವನ್ನು ಕಾಗದದ ಮೇಲೆ ಬರೆಯುವ ಗೋಜಿಗೇ ಹೋಗಲಿಲ್ಲ. ಬರೆಯದೆಯೂ ದೊಡ್ಡ ಲೀಗ್‌ಗಳಲ್ಲಿ ಅದು ನಡೆಯುತ್ತಿತ್ತು. ಸಣ್ಣ ಊರುಗಳ ಲೀಗ್‌ಗಳಲ್ಲಿ ಮಾತ್ರ ಸಂದು ಉಳಿದಿತ್ತು. ಊರಿನ ವ್ಯಾಪಾರಿಗಳು ವಂತಿಗೆ ಹಾಕಿ ತಂಡ ಕಟ್ಟುತ್ತಿದ್ದರು. ಪಕ್ಕದ ಊರನ್ನು ಸೋಲಿಸಬೇಕು ಎಂಬ ಹಟ ಇದ್ದಲ್ಲಿ ಒಳ್ಳೆಯ ಆಟಗಾರನ ಮೈಬಣ್ಣವನ್ನು ಒಂದಷ್ಟು ದಿನ ಮರೆಯಲು ಜನ ಸಿದ್ಧರಿದ್ದರು. ಫೌಲರ್ ಬದುಕಿದ್ದು ಆ ಸಂದಿನಲ್ಲಿ.

1881ರಲ್ಲಿ ಕೆನಡಾದ ಗ್ವೆಲ್ಫ್ ಊರಿನ ತಂಡ ಅವನನ್ನು ಕರೆಸಿಕೊಂಡಿತು. ಆಡಳಿತದವರು ಕರೆಸಿದ್ದರು, ಆದರೆ ಆಟಗಾರರು ಅವನ ಜೊತೆ ಆಡಲು ಒಪ್ಪಲಿಲ್ಲ. ಊರಿನ ಪತ್ರಿಕೆ ತನ್ನವರದೇ ಈ ಸಣ್ಣತನಕ್ಕೆ ವಿಷಾದ ಬರೆಯಿತು. ಆದರೂ ಅವನು ಊರು ಬಿಡಬೇಕಾಯಿತು. ಮಾಲೀಕನಿಗೆ ಬೇಕು, ಊರಿನವರಿಗೂ ಆದೀತು, ಜೊತೆಯ ಆಟಗಾರರಿಗೆ ಬೇಡ ಎಂಬ ಈ ನಕ್ಷೆ ಮುಂದೆ ಅವನ ಬದುಕಿನಲ್ಲಿ ಮತ್ತೆ ಮತ್ತೆ ಬರುತ್ತದೆ. ವರ್ಣದ್ವೇಷವನ್ನು ಮೇಲಿನವರು ಹೇರಿದರು ಎಂದು ಬೇಸ್‌ಬಾಲ್ ಚರಿತ್ರೆಯಲ್ಲಿ ಎಲ್ಲವನ್ನೂ ಆ ಕಾಲದ ದೊಡ್ಡ ಆಟಗಾರ ಕ್ಯಾಪ್ ಆನ್ಸನ್‌ನಂಥ ಒಬ್ಬಿಬ್ಬರ ತಲೆಗೆ ಕಟ್ಟುವುದುಂಟು. ಆನ್ಸನ್ ತಪ್ಪು ದೊಡ್ಡದೇ. ಆದರೆ ಫೌಲರ್‌ನನ್ನು ಹೊರಗೆ ಹಾಕಿದವರಲ್ಲಿ ಹೆಚ್ಚಿನವರು ಅವನ ಪಕ್ಕದಲ್ಲೇ ಕೂತು ಊಟ ಮಾಡಬೇಕಿದ್ದ, ಅವನಷ್ಟೇ ಸಂಬಳದ ಸಾಮಾನ್ಯ ಆಟಗಾರರು. ಇದು ನನಗೆ ಹೆಚ್ಚು ನೋವು ಕೊಡುವ ಸಂಗತಿ.

1884ರಲ್ಲಿ ಮಿನೆಸೋಟಾದ ಸ್ಟಿಲ್‌ವಾಟರ್ ಎಂಬ ಊರು. ಮರ ಕೊಯ್ಯುವ ಗಿರಣಿಗಳ ಊರು ಅದು. ಅಲ್ಲಿನ ತಂಡ ಸಾಲುಸಾಲಾಗಿ ಸೋಲುತ್ತ ಬಂದಿತ್ತು. ಕೊನೆಗೆ ಮೊದಲ ಗೆಲುವು ಬಂದದ್ದು ಫೌಲರ್ ಚೆಂಡೆಸೆದ ದಿನ. ಖುಷಿಯಾದ ಊರಿನವರು ಅವನಿಗೆ ಹತ್ತು ಡಾಲರ್ ಮತ್ತು ಒಂದು ಜೊತೆ ಹೊಸ ಸೂಟು ಕೊಟ್ಟರು. ಆದರೆ ಪಿಚರ್ ಆಗಿ ಅವನ ಕಾಲ ಮುಗಿಯುತ್ತ ಬಂದಿತ್ತು. ಆ ದಿನಗಳಲ್ಲಿ ತಂಡಕ್ಕೆ ಒಬ್ಬರೋ ಇಬ್ಬರೋ ಪಿಚರ್‌ಗಳು. ದಿನ ಬಿಟ್ಟು ದಿನ ಪೂರ್ತಿ ಪಂದ್ಯ ಎಸೆಯಬೇಕು. ತೋಳು ಸೋತಿತು. ಬೇರೆಯವರಾಗಿದ್ದರೆ ಊರಿಗೆ ಮರಳುತ್ತಿದ್ದರು. ಫೌಲರ್ ಸೆಕೆಂಡ್ ಬೇಸ್‌ನಲ್ಲಿ ನಿಂತು ಆಟವನ್ನು ಹೊಸದಾಗಿ ಕಲಿತ. ಅವನು ನಿಜಕ್ಕೂ ದೊಡ್ಡ ಆಟಗಾರನಾದದ್ದು ಈ ಎರಡನೆಯ ಜನ್ಮದಲ್ಲಿ.

ಅದೇ ವರ್ಷ ಮೋಸೆಸ್ ಫ್ಲೀಟ್‌ವುಡ್ ವಾಕರ್ ಎಂಬ ಕಪ್ಪು ಆಟಗಾರ ಟೊಲಿಡೊ ತಂಡದ ಪರ ಮೇಜರ್ ಲೀಗ್‌ನಲ್ಲಿ 42 ಪಂದ್ಯ ಆಡಿದ. ಮೇಲಿನ ಮೆಟ್ಟಿಲು ಪೂರ್ತಿ ಮುಚ್ಚಿರಲಿಲ್ಲ ಎಂಬ ಆಸೆ ಆಗ ಫೌಲರ್‌ಗೂ ಇದ್ದಿರಬೇಕು.

1885ರಲ್ಲಿ ಮಿಸಿಸಿಪ್ಪಿ ದಂಡೆಯ ಕಿಯೊಕಕ್ ಊರು. ಅವನು ಚೆನ್ನಾಗಿ ಆಡುತ್ತಿದ್ದಾಗಲೇ ಹಣ ಸಾಲದೆ ಲೀಗೇ ಕುಸಿಯಿತು. ಆಗಿನ ಕ್ರೀಡಾ ವಾರಪತ್ರಿಕೆ ‘ಸ್ಪೋರ್ಟಿಂಗ್ ಲೈಫ್’ ಅವನ ಬಗ್ಗೆ ನೇರವಾಗಿಯೇ ಬರೆಯಿತು: ದೇಶದ ಅತ್ಯುತ್ತಮ ಆಟಗಾರರಲ್ಲಿ ಒಬ್ಬ, ಮುಖ ಬಿಳಿಯದಾಗಿದ್ದರೆ ಅತ್ಯುತ್ತಮರ ನಡುವೆಯೇ ಆಡುತ್ತಿದ್ದ ಎಂದು. ಅಂದರೆ ಅವನ ಯೋಗ್ಯತೆ ಆಗಿನವರಿಗೆ ಗೊತ್ತಿರಲಿಲ್ಲ ಎಂದು ನಾವು ಈಗ ಯಾರಿಗೂ ವಿನಾಯಿತಿ ಕೊಡುವಂತಿಲ್ಲ. ಗೊತ್ತಿತ್ತು, ಅಚ್ಚಾಗಿಯೂ ಇತ್ತು. 1886ರಲ್ಲಿ ಕಾನ್ಸಸ್‌ನ ಟೊಪೀಕಾ ತಂಡದಲ್ಲಿ ಆಡಿದಾಗ ಒಂದೇ ಹೊಡೆತಕ್ಕೆ ಮೂರನೆಯ ಬೇಸ್ ಮುಟ್ಟುವ ‘ಟ್ರಿಪಲ್’ಗಳಲ್ಲಿ ಇಡೀ ವೆಸ್ಟರ್ನ್ ಲೀಗ್‌ಗೆ ಅವನೇ ಮೊದಲಿಗ.

ಇಲ್ಲಿ ಒಂದು ಮಾತು ನ್ಯಾಯವಾಗಿ ಹೇಳಬೇಕು. ಅವನು ಊರೂರು ತಿರುಗಿದ್ದಕ್ಕೆಲ್ಲ ಬಣ್ಣವೊಂದೇ ಕಾರಣವಲ್ಲ. ಆಗಿನ ಸಣ್ಣ ಲೀಗ್‌ಗಳು ಜುಲೈ ಬರುವ ಹೊತ್ತಿಗೆ ದಿವಾಳಿಯಾಗುವುದು ಮಾಮೂಲು. ಬಿಳಿಯ ಆಟಗಾರರೂ ಗಂಟುಮೂಟೆ ಕಟ್ಟಿಕೊಂಡು ರೈಲು ಹತ್ತುತ್ತಿದ್ದರು. ವ್ಯತ್ಯಾಸ ಇದ್ದದ್ದು ಮುಂದಿನ ನಿಲ್ದಾಣದಲ್ಲಿ. ಲೀಗಿಗೇ ಟ್ರಿಪಲ್‌ಗಳಲ್ಲಿ ಮೊದಲಿಗನಾದ ಬಿಳಿಯ ಹುಡುಗನಿಗೆ ಮರುವರ್ಷ ಮೇಲಿನ ಲೀಗ್‌ನಿಂದ ಕರೆ ಬರುತ್ತಿತ್ತು. ಫೌಲರ್‌ಗೆ ಸಿಗುತ್ತಿದ್ದದ್ದು ಇನ್ನೊಂದು ಅಷ್ಟೇ ಸಣ್ಣ ಊರು.

ಒಮ್ಮೆ ಮಾತ್ರ ಅವನು ಮೇಲಿನದಕ್ಕೆ ತೀರ ಹತ್ತಿರ ಬಂದ. 1887, ಇಂಟರ್‌ನ್ಯಾಷನಲ್ ಲೀಗ್. ಮೇಜರ್ ಲೀಗ್‌ಗಳ ಕೆಳಗಿನ ಮೆಟ್ಟಿಲಿನಲ್ಲಿ ಅದಕ್ಕಿಂತ ಗಟ್ಟಿಯಾದ ಲೀಗ್ ಹೆಚ್ಚಿರಲಿಲ್ಲ. ಆ ವರ್ಷ ಅದರಲ್ಲಿ ಕಪ್ಪು ಆಟಗಾರರ ಸಣ್ಣ ಗುಂಪೇ ಇತ್ತು. ನ್ಯೂಆರ್ಕ್‌ನಲ್ಲಿ ವಾಕರ್ ಮತ್ತು ಪಿಚರ್ ಜಾರ್ಜ್ ಸ್ಟೋವಿ, ಬಫಲೋದಲ್ಲಿ ಫ್ರಾಂಕ್ ಗ್ರಾಂಟ್, ಸಿರಾಕ್ಯೂಸ್‌ನಲ್ಲಿ ರಾಬರ್ಟ್ ಹಿಗಿನ್ಸ್, ಬಿಂಗ್‌ಹ್ಯಾಮ್‌ಟನ್‌ನಲ್ಲಿ ಫೌಲರ್. ಇಷ್ಟು ಜನ ಒಟ್ಟಿಗೆ ಕಾಣಿಸಿಕೊಂಡದ್ದೇ ಅಪಾಯವಾಯಿತು. ಹಿಗಿನ್ಸ್ ಇರುವ ತಂಡದ ಫೋಟೊಗೆ ಕೂರುವುದಿಲ್ಲ ಎಂದು ಅವನ ತಂಡದ ಪಿಚರ್ ಒಬ್ಬ ಹಟ ಹಿಡಿದ.

ಬಿಂಗ್‌ಹ್ಯಾಮ್‌ಟನ್‌ನಲ್ಲಿ 34 ಪಂದ್ಯಗಳಲ್ಲಿ ಫೌಲರ್‌ನ ಬ್ಯಾಟಿಂಗ್ ಸರಾಸರಿ .350, ಬ್ಯಾಟರ್ ಹೊಡೆಯುವುದಕ್ಕೆ ಕಾಯದೆ ಓಡಿ ‘ಕದ್ದ’ ಬೇಸ್‌ಗಳು 23. ಕ್ರಿಕೆಟ್ ಸರಾಸರಿಯಂತೆ ಆ .350 ಅನ್ನು ಓದಬಾರದು. ಬ್ಯಾಟ್ ಹಿಡಿದ ಪ್ರತಿ ನೂರು ಅವಕಾಶದಲ್ಲಿ ಮೂವತ್ತೈದು ಸಲ ಯಶಸ್ವಿಯಾಗಿ ಹೊಡೆದು ಬೇಸ್ ತಲುಪಿದ ಎಂದು ಇದರ ಅರ್ಥ. ಬೇಸ್‌ಬಾಲ್‌ನಲ್ಲಿ ನೂರಕ್ಕೆ ಮೂವತ್ತು ದಾಟಿದವನನ್ನೇ ಒಳ್ಳೆಯ ಬ್ಯಾಟರ್ ಎನ್ನುತ್ತಾರೆ. ಇಂಥ ಆಟಗಾರನನ್ನು ತೆಗೆಯದಿದ್ದರೆ ನಾವು ಆಡುವುದಿಲ್ಲ ಎಂದು ಅವನದೇ ತಂಡದ ಒಂಬತ್ತು ಮಂದಿ ನಿರ್ದೇಶಕರಿಗೆ ತಂತಿ ಕಳಿಸಿದರು. ಜೂನ್ ಕೊನೆಗೆ ತಂಡ ಅವನನ್ನು ಬಿಟ್ಟುಕೊಟ್ಟಿತು. ಅದಕ್ಕೂ ಒಂದು ಷರತ್ತು: ಇದೇ ಲೀಗ್‌ನ ಬೇರೆ ತಂಡಕ್ಕೆ ಅವನು ಸೇರುವಂತಿಲ್ಲ. ತಮ್ಮ ಜೊತೆಗೂ ಬೇಡ, ಎದುರಿಗೂ ಬೇಡ. ಅವನ ಆಟ ಎಷ್ಟು ಚೆನ್ನಾಗಿತ್ತು ಎಂಬುದಕ್ಕೆ ಈ ಷರತ್ತಿಗಿಂತ ಬೇರೆ ಸಾಕ್ಷಿ ಬೇಡ.

ಎರಡೇ ವಾರ. ಜುಲೈ 14ರಂದು ಬಫಲೋದಲ್ಲಿ ಲೀಗ್ ಸಭೆ ಸೇರಿತು. ಇನ್ನು ಮುಂದೆ ಕಪ್ಪು ಆಟಗಾರರ ಹೊಸ ಒಪ್ಪಂದಗಳಿಗೆ ಮಂಜೂರಾತಿ ಇಲ್ಲ ಎಂದು ಆರು ತಂಡಗಳು ನಾಲ್ಕರ ವಿರುದ್ಧ ಮತ ಹಾಕಿದವು. ಫೌಲರ್‌ನನ್ನು ಅಷ್ಟರಲ್ಲೇ ಹೊರಗೆ ಹಾಕಿದ್ದ ಬಿಂಗ್‌ಹ್ಯಾಮ್‌ಟನ್ ಬಹುಮತದ ಕಡೆ ನಿಂತಿತು. ಅದೇ ದಿನ ನ್ಯೂಆರ್ಕ್‌ನಲ್ಲಿ ಆನ್ಸನ್‌ನ ಶಿಕಾಗೋ ತಂಡ ಪ್ರದರ್ಶನ ಪಂದ್ಯಕ್ಕೆ ಬಂದಿತ್ತು. ಕಪ್ಪು ಆಟಗಾರರಿದ್ದರೆ ಇಳಿಯುವುದಿಲ್ಲ ಎಂದ ಆನ್ಸನ್. ಸ್ಟೋವಿ ಆಡಲಿಲ್ಲ, ವಾಕರ್ ಆಡಲಿಲ್ಲ. ಎರಡು ಊರು, ಒಂದೇ ದಿನ. ಹಳೆಯ ಒಪ್ಪಂದದವರು ಒಬ್ಬೊಬ್ಬರಾಗಿ ಖಾಲಿಯಾದರು. 1889ರಲ್ಲಿ ವಾಕರ್ ಹೊರಬಿದ್ದ ಮೇಲೆ ಇಂಟರ್‌ನ್ಯಾಷನಲ್ ಲೀಗ್‌ನಲ್ಲಿ ಮತ್ತೆ ಕಪ್ಪು ಆಟಗಾರ ಕಾಣಿಸಿಕೊಂಡದ್ದು 1946ರಲ್ಲಿ, ಮಾಂಟ್ರಿಯಲ್ ತಂಡದಲ್ಲಿ. ಆ ಆಟಗಾರ ಜಾಕಿ ರಾಬಿನ್ಸನ್.

ಫೌಲರ್‌ಗೆ ಆಗ ಇಪ್ಪತ್ತೊಂಬತ್ತು. ಆಟಗಾರನೊಬ್ಬ ಉಚ್ಛ್ರಾಯದಲ್ಲಿರುವ ವಯಸ್ಸು. ಅವನು ವರ್ಮಾಂಟ್‌ಗೆ ಹೋದ. ಅಲ್ಲಿನ ಮಾಂಟ್‌ಪೀಲಿಯರ್ ತಂಡ ಅವನನ್ನು ನಾಯಕನನ್ನಾಗಿಯೇ ಮಾಡಿತು. ಆಮೇಲೆ ಇಂಡಿಯಾನಾ, ನ್ಯೂ ಮೆಕ್ಸಿಕೊದ ಸಾಂಟಾ ಫೆ, ಮಿಷಿಗನ್, ಇಲಿನಾಯ್, ಅಯೋವಾ, ನೆಬ್ರಾಸ್ಕಾ. ಒಂದೇ ವರ್ಷದಲ್ಲಿ ಎರಡು ಮೂರು ತಂಡಗಳು. ಬಿಳಿಯರ ಲೀಗ್‌ಗಳಲ್ಲಿ ಅವನು ಹತ್ತಕ್ಕೂ ಹೆಚ್ಚು ಋತುಗಳನ್ನು ಆಡಿದ. ಅಷ್ಟೂ ವರ್ಷಗಳನ್ನು ಒಟ್ಟು ಸೇರಿಸಿದರೆ ಅವನ ಬ್ಯಾಟಿಂಗ್ ಸರಾಸರಿ .300ರ ಮೇಲೆಯೇ ಇತ್ತು. ತನ್ನ ಚರ್ಮ ಇಷ್ಟು ಕಪ್ಪಾಗಿರದಿದ್ದರೆ ಸ್ಪೇನ್ ದೇಶದವನೆಂದೋ ಇನ್ನೇನೋ ಹೇಳಿಕೊಂಡು ಒಳಗೆ ಸೇರಬಹುದಿತ್ತು ಎಂದು ಅವನೇ 1895ರಲ್ಲಿ ಪತ್ರಿಕೆಯವರ ಮುಂದೆ ಹೇಳಿಕೊಂಡ.

ಒಳಗೆ ಸೇರಿಸಿಕೊಳ್ಳದವರ ಬಾಗಿಲಲ್ಲಿ ಕಾಯುತ್ತ ಕೂರದೆ ಅವನು ತನ್ನದೇ ತಂಡ ಕಟ್ಟಲು ಹೊರಟ. ನನ್ನ ಲೆಕ್ಕದಲ್ಲಿ ಅವನ ಬದುಕಿನ ಅತಿ ದೊಡ್ಡ ಕೆಲಸ ಇದೇ. 1894ರಲ್ಲಿ ಒಹಾಯೊದ ಫಿಂಡ್ಲಿ ಎಂಬಲ್ಲಿ ಆಡುತ್ತಿದ್ದಾಗ ಅವನೂ, ಆಗಷ್ಟೇ ಹದಿವಯಸ್ಸು ದಾಟಿದ್ದ ಗ್ರಾಂಟ್ ಜಾನ್ಸನ್ ಎಂಬ ಪ್ರತಿಭಾವಂತ ಹುಡುಗನೂ ಸೇರಿ ಯೋಜನೆ ಹಾಕಿದರು. ಹಣ ಕೊಡುವವರು ಬೇಕಿತ್ತು. ಮಿಷಿಗನ್‌ನ ಏಡ್ರಿಯನ್ ಊರಿನಲ್ಲಿ ತಂತಿ ಬೇಲಿ ಹೆಣೆಯುವ ಪೇಜ್ ಕಂಪನಿ ಒಪ್ಪಿತು. ತಂಡದ ಹೆಸರು ‘ಪೇಜ್ ಫೆನ್ಸ್ ಜೈಂಟ್ಸ್’. ಮೊನಾರ್ಕ್ ಎಂಬ ಸೈಕಲ್ ಕಂಪನಿಯೂ ಜೊತೆ ಸೇರಿತು. ಬೇಲಿಯ ಜಾಹೀರಾತಿಗೆ ಬೇಸ್‌ಬಾಲ್ ತಂಡ!

ಅವರು ಊರು ತಲುಪುತ್ತಿದ್ದ ರೀತಿಯನ್ನು ನೋಡಿ. ತಂಡಕ್ಕೆಂದೇ ಒಂದು ರೈಲು ಬೋಗಿ. ಹೊರಗೆ ದೊಡ್ಡ ಅಕ್ಷರದಲ್ಲಿ ಕಂಪನಿಯ ಹೆಸರು, ಒಳಗೆ ಮಲಗಲು ಹಾಸಿಗೆ, ಅಡುಗೆಗೆ ಒಬ್ಬ, ಮೇಲುಸ್ತುವಾರಿಗೆ ಒಬ್ಬ. ನಿಲ್ದಾಣದಲ್ಲಿ ಇಳಿದ ಆಟಗಾರರು ಸಮವಸ್ತ್ರದಲ್ಲಿ ಸೈಕಲ್ ಹತ್ತಿ ಊರಿನ ಮುಖ್ಯ ಬೀದಿಯಲ್ಲಿ ಸಾಲಾಗಿ ಮೆರವಣಿಗೆ ಹೊರಡುತ್ತಿದ್ದರು. ಸೈಕಲ್ ಇನ್ನೂ ಹೊಸ ಬೆರಗಾಗಿದ್ದ ದಿನಗಳು. ಮಕ್ಕಳು ಹಿಂದೆ ಓಡಿಬರುತ್ತಿದ್ದರು, ದೊಡ್ಡವರು ಮಧ್ಯಾಹ್ನ ಟಿಕೆಟ್ ಕೊಂಡು ಮೈದಾನಕ್ಕೆ ಬರುತ್ತಿದ್ದರು. ಆ ಬೋಗಿ ಬರೀ ವೈಭವವಾಗಿರಲಿಲ್ಲ. ಕಪ್ಪು ಜನರಿಗೆ ಕೋಣೆ ಕೊಡದ ಹೋಟೆಲು, ಊಟ ಬಡಿಸದ ಖಾನಾವಳಿ ಇದ್ದ ದೇಶದಲ್ಲಿ ಆ ಗಾಲಿಯ ಮನೆ ಅವರ ಮಾನ ಕಾಪಾಡಿತು. ಹದಿನೇಳು ವರ್ಷ ಅಂಥ ಊರುಗಳಲ್ಲಿ ತಿರುಗಿ ಅನುಭವಿಸಿದವನಿಗೆ ಏನು ಬೇಕೆಂದು ಚೆನ್ನಾಗಿ ಗೊತ್ತಿತ್ತು. 1895ರ ಮೊದಲ ಋತುವಿನಲ್ಲೇ ತಂಡ 118 ಪಂದ್ಯ ಗೆದ್ದಿತು, ಸೋತದ್ದು 36. ಮೇಜರ್ ಲೀಗ್‌ನ ಸಿನ್ಸಿನಾಟಿ ತಂಡದ ಎದುರು ಸೋತರು, ನಿಜ. ಆದರೆ ಎದುರಾಗಿ ನಿಂತು ಆಡಿದರು.

ಫೌಲರ್ ಮಾತ್ರ ಅಲ್ಲೂ ಹೆಚ್ಚು ಕಾಲ ಉಳಿಯಲಿಲ್ಲ. ಋತುವಿನ ನಡುವೆಯೇ ಜೈಂಟ್ಸ್ ಬಿಟ್ಟು ಮಿಷಿಗನ್ ಸ್ಟೇಟ್ ಲೀಗ್‌ಗೆ ಸೇರಿದ. ಬಿಳಿಯರ ಲೀಗ್‌ಗಳಲ್ಲಿ ಅವನ ಕೊನೆಯ ಆಟ ಅದೇ. ಆಮೇಲೆ ಫಿಂಡ್ಲಿಗೆ ಮರಳಿ ಸ್ಥಳೀಯ ತಂಡದಲ್ಲಿ ಆಡಿದ, ಕ್ಷೌರದಂಗಡಿ ನಡೆಸಿದ. 1899ರಲ್ಲಿ ಅಲ್ಲಿಯೂ ಬಿಳಿಯ ಆಟಗಾರರು ಅವನೊಡನೆ ಆಡುವುದಿಲ್ಲ ಎಂದರು. ಆಗ ಅವನ ವಯಸ್ಸು ನಲವತ್ತು ದಾಟಿತ್ತು. ಮತ್ತೊಂದು ಕಪ್ಪು ತಂಡ ಕಟ್ಟಿದ, ‘ಬ್ಲ್ಯಾಕ್ ಟೂರಿಸ್ಟ್ಸ್’ ಎಂದು. ಉದ್ದ ಬಾಲದ ಕೋಟು, ಎತ್ತರದ ರೇಷ್ಮೆ ಟೋಪಿ, ಕೈಯಲ್ಲಿ ಕೊಡೆ ಹಿಡಿದು ಬೀದಿಯಲ್ಲಿ ಮೆರವಣಿಗೆ ಹೋಗುವ ಏರ್ಪಾಟು ಅದರದ್ದು. ನೋಡಲು ಬಂದವರು ಆಟವನ್ನೂ ನೋಡುತ್ತಾರೆ ಎಂದು ಅವನ ನಂಬಿಕೆ. ಕಪ್ಪು ಆಟಗಾರರದೇ ಒಂದು ಲೀಗ್ ಕಟ್ಟುವ ಕನಸನ್ನೂ ಕಂಡಿದ್ದ. ಅದು ಗಟ್ಟಿಯಾಗಿ ನೆಲೆಗೊಂಡದ್ದು 1920ರಲ್ಲಿ, ರೂಬ್ ಫಾಸ್ಟರ್ ‘ನೀಗ್ರೊ ನ್ಯಾಷನಲ್ ಲೀಗ್’ ಆರಂಭಿಸಿದಾಗ. ಅಷ್ಟರಲ್ಲಿ ಫೌಲರ್ ಇರಲಿಲ್ಲ.

ಕೊನೆಯ ವರ್ಷಗಳಲ್ಲಿ ಕಾಯಿಲೆ, ಬಡತನ. ಅವನ ನೆರವಿಗೆಂದು ಸಹಾಯಾರ್ಥ ಪಂದ್ಯ ಆಡಿಸಬೇಕು ಎಂಬ ಮಾತು 1909ರಲ್ಲಿ ಎದ್ದಿತ್ತು, ಕೈಗೂಡಲಿಲ್ಲ. 1913ರ ಫೆಬ್ರುವರಿ 26ರಂದು ನ್ಯೂಯಾರ್ಕ್ ರಾಜ್ಯದ ಫ್ರಾಂಕ್‌ಫರ್ಟ್ ಊರಿನಲ್ಲಿ, ಅಕ್ಕತಂಗಿಯೊಬ್ಬಳ ಮನೆಯಲ್ಲಿ, ತೀವ್ರ ರಕ್ತಹೀನತೆಯಿಂದ ತೀರಿಕೊಂಡ. ಐವತ್ತೈದು ತುಂಬಲು ಹದಿನೆಂಟು ದಿನವಷ್ಟೇ ಉಳಿದಿತ್ತು. ಗೋರಿಗೆ ಕಲ್ಲಿರಲಿಲ್ಲ.

ಅವನು ಮತ್ತೆ ಬೆಳಕಿಗೆ ಬಂದದ್ದು ಹಳೆಯ ಪತ್ರಿಕೆಗಳ ಪುಟ ತಿರುವಿದವರ ಶ್ರಮದಿಂದ. ಹುಟ್ಟಿನ ದಾಖಲೆಯಲ್ಲಿ ಜಾಕ್ಸನ್, ಆಟದ ವರದಿಯಲ್ಲಿ ಫೌಲರ್, ವರ್ಷಕ್ಕೆರಡು ಊರು. ಇಂಥವನ ಜಾಡು ಹಿಡಿಯಲು ನೂರಾರು ಸಣ್ಣ ಊರುಗಳ ವರದಿಗಳನ್ನು ಒಂದೊಂದಾಗಿ ಹೆಕ್ಕಬೇಕಾಯಿತು. ಅಮೆರಿಕನ್ ಬೇಸ್‌ಬಾಲ್ ಸಂಶೋಧಕರ ಸಂಘ 1987ರಲ್ಲಿ ಅವನ ಗೋರಿಗೆ ಕಲ್ಲು ನಿಲ್ಲಿಸಿತು. 2013ರಲ್ಲಿ ಕೂಪರ್ಸ್‌ಟೌನ್‌ನ ಮೈದಾನಕ್ಕೆ ಹೋಗುವ ಬೀದಿಗೆ ಅವನ ಹೆಸರು ಬಂತು. 2021ರ ಡಿಸೆಂಬರ್‌ನಲ್ಲಿ ಹಾಲ್ ಆಫ್ ಫೇಮ್‌ಗೆ ಆಯ್ಕೆಯಾದ. 2022ರ ಜುಲೈ 24ರ ಸಮಾರಂಭದಲ್ಲಿ ಅವನ ಪರವಾಗಿ ಮಾತನಾಡಿದವರು ಮೇಜರ್ ಲೀಗ್‌ನ ಹೆಸರಾಂತ ಆಟಗಾರ ಡೇವ್ ವಿನ್‌ಫೀಲ್ಡ್. ಫೌಲರ್ ಮೇಜರ್ ಲೀಗ್‌ನಲ್ಲಿ ಒಂದೇ ಒಂದು ಪಂದ್ಯವನ್ನೂ ಆಡಿರಲಿಲ್ಲ.

ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರು ಬೇಸಿಗೆ ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ಆ ಹಾಲ್ ಆಫ್ ಫೇಮ್ ನೋಡಲು ಹೋದರೆ, ದೊಡ್ಡ ಹೆಸರುಗಳ ನಡುವೆ ಈ ಹೆಸರನ್ನೂ ಹುಡುಕಿ ತೋರಿಸಿ. ಸಮಯವಿದ್ದರೆ ಫ್ರಾಂಕ್‌ಫರ್ಟ್‌ಗೂ ಹೋಗಿಬನ್ನಿ. ಕೂಪರ್ಸ್‌ಟೌನ್‌ನಿಂದ ಉತ್ತರಕ್ಕೆ ಕಾರಿನಲ್ಲಿ ಸುಮಾರು ಒಂದು ಗಂಟೆಯ ದಾರಿ; ಗೋರಿ ಇರುವುದು ಓಕ್ ವ್ಯೂ ಸ್ಮಶಾನದಲ್ಲಿ.